1967ರ ಕಮಾರೊಗೆ ಯಾವ ವಾಟರ್ ಪಂಪ್? ಬ್ಲಾಕ್ ನಂಬರ್ ಒಂದು ಹೇಳುತ್ತದೆ, ಬೆಲ್ಟ್ ಇನ್ನೊಂದು

ಕಾರು 1967ರ ಶೆವ್ರೊಲೆ ಕಮಾರೊ. ಕಾರ್ಖಾನೆಯಿಂದ ಬಂದ ಎಂಜಿನ್ ಈಗ ಅದರಲ್ಲಿಲ್ಲ. ಬಾನೆಟ್ ಎತ್ತಿದರೆ ಕಾಣುವುದು 3970010 ಎಂಬ ಎರಕದ ಸಂಖ್ಯೆಯ ಬ್ಲಾಕ್, ಅಂದರೆ 1969ರಿಂದ 70ರ ದಶಕದ ಕೊನೆಯವರೆಗೆ ಲಕ್ಷಗಟ್ಟಲೆ ಬಂದ 350 ಘನ ಇಂಚಿನ ಸ್ಮಾಲ್ ಬ್ಲಾಕ್ ವಿ8. ಆದರೆ ಎಂಜಿನ್ ಮುಂಭಾಗದ ಸಾಮಾನೆಲ್ಲ ಹಳೆಯ ಕಾರಿನದೇ: ಕ್ರ್ಯಾಂಕ್ ಪುಲ್ಲಿ, ಬ್ರಾಕೆಟ್‌ಗಳು, (ಸೀಟಿನಲ್ಲಿ ಕೂತು ನೋಡಿದರೆ) ಎಡಬದಿಯಲ್ಲಿ ಕೂತ ಆಲ್ಟರ್ನೇಟರ್, ರೇಡಿಯೇಟರ್. ಫ್ಯಾನ್ ಮಾತ್ರ ಹೊರಗಿನಿಂದ ಕೊಂಡ ತೆಳು ಎಲೆಗಳ ಫ್ಲೆಕ್ಸ್ ಫ್ಯಾನ್.

ದೂರು ಮೂರು. ನಿಲ್ಲಿಸಿದ ಕಡೆ ಎಂಜಿನ್ ಮುಂಭಾಗದ ಕೆಳಗೆ ಕೂಲೆಂಟ್ ತೊಟ್ಟಿಕ್ಕುತ್ತಿತ್ತು. ಸ್ಟಾರ್ಟ್ ಮಾಡಿದ ಕೂಡಲೇ ಬೆಲ್ಟ್ ಕೀಚಲು ದನಿ ಮಾಡುತ್ತಿತ್ತು. ಫ್ಯಾನ್ ತಿರುಗುವಾಗ ಅದರ ಎಲೆಗಳ ತುದಿ ಒಂದೇ ಸುತ್ತಿನಲ್ಲಿ ಓಡದೆ ಹೊಯ್ದಾಡುತ್ತಿತ್ತು. ಸೋರಿಕೆ ಎಲ್ಲಿಂದ ಎಂಬ ಬಗ್ಗೆ ಅನುಮಾನವಿರಲಿಲ್ಲ. ಪಂಪಿನ ಹೊಟ್ಟೆಯಡಿ ಇರುವ ಸಣ್ಣ ತೂತಿನಿಂದ ಟೈಮಿಂಗ್ ಕವರ್ ಮೇಲೆ ಇಳಿದ ಕಂದು ಗೆರೆ ಸ್ಪಷ್ಟವಾಗಿತ್ತು. ಸೀಲ್ ಸೋತಾಗ ನೀರು ಬೇರಿಂಗಿಗೆ ನುಗ್ಗದೆ ಹೊರಗೆ ಬರಲೆಂದೇ ಆ ತೂತು ಇರುವುದು. ಅದನ್ನು ಮುಚ್ಚಿ ಸೋರಿಕೆ ನಿಲ್ಲಿಸುವವರೂ ಇದ್ದಾರೆ. ಅಲ್ಲಿಂದ ಮುಂದೆ ಬೇರಿಂಗ್ ಸಾಯುವುದಕ್ಕೆ ಹೆಚ್ಚು ದಿನ ಬೇಡ. ಗೆರೆ ಅಷ್ಟು ಸ್ಪಷ್ಟವಿಲ್ಲದಿದ್ದರೆ ರೇಡಿಯೇಟರ್ ಬಾಯಿಗೆ ಪ್ರೆಶರ್ ಟೆಸ್ಟರ್ ಹಾಕಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ನೋಡಬೇಕು. ಹೀಟರ್ ಹೋಸ್ ಸೋರಿದರೂ ನೀರು ಇಳಿಯುವುದು ಇದೇ ದಾರಿಯಲ್ಲಿ. ಈ ಕಾರಿನಲ್ಲಿ ಬೆಲ್ಟ್ ಬಿಚ್ಚಿ ಫ್ಯಾನ್ ಹಿಡಿದು ಮೇಲೆ ಕೆಳಗೆ ಆಡಿಸಿದಾಗ ಶಾಫ್ಟೇ ಅಲ್ಲಾಡಿತು. ಪಂಪ್ ಬದಲಿಸಲೇಬೇಕು. ಯಾವುದು ಎಂಬುದೇ ಪ್ರಶ್ನೆ.

ಒಂದೇ ಎಂಜಿನ್ನಿಗೆ ಹಲವು ಪಂಪ್

ಈ ಎಂಜಿನ್ ವಂಶ ಶುರುವಾದದ್ದು 1955ರಲ್ಲಿ. ಬ್ಲಾಕಿನ ಮೇಲೆ ಪಂಪ್ ಕೂರುವ ಎರಡು ಮುಖಗಳು, ನಾಲ್ಕು ಬೋಲ್ಟ್ ತೂತುಗಳ ಜಾಗ ದಶಕಗಟ್ಟಲೆ ಬದಲಾಗಲಿಲ್ಲ. ಅನುಕೂಲವೂ ಅದೇ, ತೊಂದರೆಯ ಮೂಲವೂ ಅದೇ: ತಪ್ಪು ಪಂಪ್ ಕೂಡ ನಾಲ್ಕೂ ಬೋಲ್ಟ್ ಸಲೀಸಾಗಿ ಕಚ್ಚಿಕೊಂಡು ಕೂತುಬಿಡುತ್ತದೆ. ವ್ಯತ್ಯಾಸ ಇರುವುದು ಬ್ಲಾಕಿನ ಕಡೆ ಅಲ್ಲ, ಮುಂದೆ, ಹಬ್ಬಿನ ಕಡೆ.

ಬ್ಲಾಕಿಗೆ ಕೂರುವ ಮುಖದಿಂದ ಪುಲ್ಲಿ ಕೂರುವ ಹಬ್ ಮುಖದವರೆಗಿನ ಅಂತರವನ್ನು ಪಂಪಿನ ಎತ್ತರ ಎನ್ನೋಣ. 1968ರವರೆಗಿನ ಕಾರುಗಳ ಗಿಡ್ಡ ಪಂಪಿನಲ್ಲಿ ಅದು 5 5/8 ಇಂಚು, 142.9 ಮಿ.ಮೀ. 1969ರಲ್ಲಿ ಕಾರುಗಳಿಗೆ ಉದ್ದ ಪಂಪ್ ಬಂತು: 6 15/16 ಇಂಚು, 176.2 ಮಿ.ಮೀ. ಅದರ ಜೊತೆಗೇ ಆಲ್ಟರ್ನೇಟರ್ ಎಡದಿಂದ ಬಲಕ್ಕೆ ಹೋಯಿತು, ಪುಲ್ಲಿಗಳ ಆಳ ಬದಲಾಯಿತು, ಬ್ರಾಕೆಟ್ ಕೂರಿಸಲು ಸಿಲಿಂಡರ್ ಹೆಡ್ಡಿನ ತುದಿಗಳಲ್ಲಿ ಥ್ರೆಡ್ ಇರುವ ತೂತುಗಳು ಬಂದವು. ಶೆವ್ರೊಲೆಯದೇ ಸ್ಪೋರ್ಟ್ಸ್ ಕಾರು ಕಾರ್ವೆಟ್ ಮಾತ್ರ ಗಿಡ್ಡ ಪಂಪನ್ನೇ ಉಳಿಸಿಕೊಂಡಿತು. ಆದರೆ 1971ರಿಂದ ಅದಕ್ಕೆ ದಪ್ಪ ಶಾಫ್ಟ್ ಹಾಕಿ ಎತ್ತರವನ್ನು 5 13/16 ಇಂಚು, ಅಂದರೆ 147.6 ಮಿ.ಮೀ ಮಾಡಲಾಯಿತು.

ಹಬ್ಬಿನಿಂದ ಮುಂದೆ ಚಾಚುವ ಶಾಫ್ಟ್ ತುದಿಯನ್ನೂ ಗಮನಿಸಬೇಕು. ಪುಲ್ಲಿಯನ್ನೂ ಫ್ಯಾನನ್ನೂ ನಡುವಿಗೆ ತಂದು ಹಿಡಿಯುವುದು ಅದೇ. ಹಳೆಯ ಸಾಮಾನ್ಯ ಪಂಪುಗಳಲ್ಲಿ ಇದು 5/8 ಇಂಚು, 15.9 ಮಿ.ಮೀ, ದಪ್ಪ ಶಾಫ್ಟಿನದರಲ್ಲಿ 3/4 ಇಂಚು, 19 ಮಿ.ಮೀ.

ಕೊನೆಯದು ತಿರುಗುವ ದಿಕ್ಕು. ವಿ-ಬೆಲ್ಟಿನ ಒಳಮೈ ಪುಲ್ಲಿಯನ್ನು ಹಿಡಿದು ಓಡಿಸಿದರೆ ಪಂಪ್ ಕ್ರ್ಯಾಂಕಿನ ದಿಕ್ಕಿನಲ್ಲೇ, ಮುಂದಿನಿಂದ ನೋಡಿದರೆ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. 80ರ ದಶಕದಲ್ಲಿ ಚಪ್ಪಟೆ ಬೆಲ್ಟ್ ಬಂದ ಮೇಲೆ ಎಷ್ಟೋ ಎಂಜಿನ್‌ಗಳಲ್ಲಿ ಬೆಲ್ಟಿನ ಬೆನ್ನು ಪಂಪನ್ನು ಓಡಿಸುತ್ತದೆ. ದಿಕ್ಕು ತಿರುಗುಮುರುಗು, ನೀರು ತಳ್ಳುವ ಒಳಗಿನ ಚಕ್ರ, ಅಂದರೆ ಇಂಪೆಲರ್ ಕೂಡ ಅದಕ್ಕೆ ತಕ್ಕ ಹಾಗೆ. ಅಂಥ ಪಂಪ್ ವಿ-ಬೆಲ್ಟ್ ಕಾರಿಗೆ ಹಾಕಿದರೆ ನೀರು ಪೂರ್ತಿ ನಿಲ್ಲುವುದಿಲ್ಲ, ಅರೆಬರೆ ಓಡುತ್ತದೆ. ಹಾಗಾಗಿ ಜನ ಥರ್ಮೋಸ್ಟ್ಯಾಟ್ ಬದಲಿಸುತ್ತಾರೆ, ರೇಡಿಯೇಟರ್ ತೊಳೆಸುತ್ತಾರೆ, ಪಂಪಿನ ಕಡೆ ತಿರುಗಿಯೂ ನೋಡುವುದಿಲ್ಲ. 1992ರಲ್ಲಿ ಬಂದ ಎಲ್‌ಟಿ1 ಎಂಜಿನ್ನಿನ ಪಂಪನ್ನಂತೂ ಕ್ಯಾಮ್‌ಶಾಫ್ಟಿನ ಗೇರ್ ಓಡಿಸುತ್ತದೆ; ಹೆಸರಿಗೆ 350 ಅಷ್ಟೇ, ಈ ಲೆಕ್ಕಕ್ಕೇ ಅದು ಬರುವುದಿಲ್ಲ.

ಮೂರು ಉತ್ತರಗಳು

ಬ್ಲಾಕ್ ನಂಬರ್ ಕೊಟ್ಟು ಕ್ಯಾಟಲಾಗ್ ನೋಡಿದಾಗ ಬಂದ ಉತ್ತರ ಉದ್ದ ಪಂಪ್. ಆ ಬ್ಲಾಕಿನ ಮಟ್ಟಿಗೆ ತಪ್ಪೇನಲ್ಲ. 70ರ ದಶಕದ ಯಾವುದೇ ಸೆಡಾನಿನಲ್ಲಿ ಈ ಎಂಜಿನ್ ಇದ್ದಿದ್ದರೆ ಅದೇ ಸರಿಯಾದ ಪಂಪ್.

ಬಿಚ್ಚಿದ ಹಳೆಯ ಪಂಪನ್ನು ಅಳೆದು ಅದರಂಥದ್ದೇ ತರುವುದು ಎರಡನೆಯ ದಾರಿ, ಬಹುಪಾಲು ಜನ ಹಿಡಿಯುವ ದಾರಿ. ಪಂಪನ್ನು ದಪ್ಪ ಗಾಜಿನ ಮೇಲೆ ಎರಡು ಕಾಲುಗಳನ್ನು ಊರಿ ನಿಲ್ಲಿಸಿ, ಮೇಲಿರುವ ಹಬ್ ಮುಖದವರೆಗೆ ವರ್ನಿಯರ್ ಹೈಟ್ ಗೇಜಿನಿಂದ ಅಳೆದರೆ ಎತ್ತರ ನೇರವಾಗಿ ಸಿಗುತ್ತದೆ. ಕಾಲುಗಳಿಗೆ ಅಂಟಿದ ಹಳೆಯ ಗ್ಯಾಸ್ಕೆಟ್ ಚೂರನ್ನು ಮೊದಲು ಕೆರೆದಿರಬೇಕು. ಬಂದ ಅಳತೆ 147 ಮಿ.ಮೀ ದಾಟಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಶಾಫ್ಟ್ ತುದಿ 19 ಮಿ.ಮೀ. ಅಂದರೆ ಕಾರಿನಲ್ಲಿ ಕೂತಿದ್ದದ್ದು ಕಾರ್ವೆಟ್ ಮಾದರಿಯ ಪಂಪ್. ಹಿಂದೊಮ್ಮೆ ಯಾರೋ ‘350ಕ್ಕೆ ಗಿಡ್ಡ ಪಂಪ್’ ಎಂದು ಕೇಳಿ ತಂದಿರಬೇಕು. ಹಾಗೆ ಕೇಳಿದರೆ ಸಿಗುವುದು ಅದೇ.

ಅದು ಸರಿಯೋ ತಪ್ಪೋ ಎಂದು ಹೇಳಬೇಕಾದದ್ದು ಬೆಲ್ಟ್. ಪಂಪ್ ಬಿಚ್ಚುವ ಮೊದಲೇ ಕ್ರ್ಯಾಂಕ್ ಪುಲ್ಲಿಯ ಗಾಡಿಯಿಂದ (ಬೆಲ್ಟ್ ಕೂರುವ ತೋಡಿನಿಂದ) ಪಂಪ್ ಪುಲ್ಲಿಯ ಗಾಡಿಗೆ ಉಕ್ಕಿನ ನೇರಪಟ್ಟಿ ಹಿಡಿದು ನೋಡಲಾಯಿತು. ಪಂಪಿನ ಗಾಡಿ ಸುಮಾರು 5 ಮಿ.ಮೀ ಮುಂದಿತ್ತು. ಇಲ್ಲಿ ಆತುರ ಕೂಡದು. ಜಾಗ ತಪ್ಪಿರುವುದು ಕ್ರ್ಯಾಂಕ್ ಪುಲ್ಲಿಯೂ ಆಗಿರಬಹುದು. ಅದಕ್ಕೇ ಮೂರನೆಯ ಸಾಕ್ಷಿ ಬೇಕು. ಕ್ರ್ಯಾಂಕಿನಿಂದ ಆಲ್ಟರ್ನೇಟರಿಗೆ ಪಟ್ಟಿ ಹಿಡಿದರೆ ಎರಡೂ ಒಂದೇ ನೇರಕ್ಕಿದ್ದವು. ಮೂರರಲ್ಲಿ ಎರಡು ಒಪ್ಪಿದರೆ ಒಪ್ಪದಿರುವುದೇ ತಪ್ಪಿತಸ್ಥ. ವಿ-ಬೆಲ್ಟಿಗೆ ಸಾಮಾನ್ಯವಾಗಿ ಒಪ್ಪುವ ಮಿತಿ ಎರಡು ಪುಲ್ಲಿಗಳ ನಡುವಿನ ಪ್ರತಿ ಅಡಿಗೆ 1/16 ಇಂಚು, ಅಂದರೆ 1.6 ಮಿ.ಮೀ. ಇಲ್ಲಿ ಅದರ ಮೂರು ಪಟ್ಟಿನ ಮೇಲೆ. ಬೆಲ್ಟಿನ ಒಂದೇ ಅಂಚು ನುಣುಪಾಗಿ ಹೊಳೆಯುತ್ತಿದ್ದದ್ದೂ ಕೀಚಲು ದನಿಯೂ ಇದರಿಂದಲೇ.

ಹಳೆಯ ಪಂಪ್ ನಂಬಿಕೆಗೆ ಅರ್ಹವಲ್ಲ ಎಂದ ಮೇಲೆ ಬೇಕಾದ ಎತ್ತರವನ್ನು ಕಾರಿನಿಂದಲೇ ತೆಗೆಯಬೇಕು. ಪಂಪ್ ಬಿಚ್ಚಿದ ಮೇಲೆ ಕ್ರ್ಯಾಂಕ್ ಪುಲ್ಲಿಯ ಮುಂಭಾಗದ ಅಂಚಿಗೆ ನೇರಪಟ್ಟಿ ಒತ್ತಿ, ಅದರ ಇನ್ನೊಂದು ತುದಿ ಬ್ಲಾಕಿನ ಪಂಪ್ ಮುಖದ ಎದುರಿಗೆ ಬರುವಂತೆ ಓರೆಯಾಗಿ ಮೇಲಕ್ಕೆ ಹಿಡಿಯಬೇಕು. ಪಟ್ಟಿಯಿಂದ ಬ್ಲಾಕಿನ ಮುಖದವರೆಗೆ ಡೆಪ್ತ್ ಗೇಜಿನಲ್ಲಿ ಅಳೆದು, ಪುಲ್ಲಿ ಅಂಚಿನಿಂದ ಗಾಡಿಯ ನಡುವಿನವರೆಗಿನ ದೂರವನ್ನು ಕಳೆದರೆ ಬೆಲ್ಟ್ ಓಡುವ ಸಾಲು ಬ್ಲಾಕಿನಿಂದ ಎಷ್ಟು ದೂರದಲ್ಲಿದೆ ಎಂದು ಸಿಗುತ್ತದೆ. ಬಲ ಮುಖಕ್ಕೊಮ್ಮೆ, ಎಡ ಮುಖಕ್ಕೊಮ್ಮೆ ಅಳೆಯಿರಿ. ಎರಡೂ ಒಂದೇ ಬರದಿದ್ದರೆ ಪಟ್ಟಿ ಅಂಚಿನ ಮೇಲೆ ಸಪಾಟಾಗಿ ಕೂತಿಲ್ಲ, ಇಲ್ಲವೇ ಪುಲ್ಲಿ ಬಾಗಿದೆ. ಈ ದೂರಕ್ಕೆ, ಪಂಪ್ ಪುಲ್ಲಿಯ ಹಬ್ ಮುಖದಿಂದ ಅದರ ಗಾಡಿಯ ನಡುವಿನವರೆಗೆ ಹಿಂದಕ್ಕಿರುವ ಆಳವನ್ನು ಕೂಡಿಸಿ, ಒಂದು ಗ್ಯಾಸ್ಕೆಟ್ಟಿನ ದಪ್ಪ ಕಳೆಯಿರಿ. ಉಳಿಯುವುದೇ ಬೇಕಾದ ಪಂಪಿನ ಎತ್ತರ. ಇಲ್ಲಿ ಬಂದ ಉತ್ತರ 143 ಮಿ.ಮೀ ಆಸುಪಾಸು. ಅಂದರೆ 5 5/8 ಇಂಚಿನ ಹಳೆಯ ಗಿಡ್ಡ ಪಂಪ್. ಕೈ ಅಳತೆಯಲ್ಲಿ ಒಂದು ಮಿಲಿಮೀಟರ್ ಆಚೀಚೆ ಆದರೂ ಚಿಂತೆಯಿಲ್ಲ. ಆರಿಸಬೇಕಾದ ಎತ್ತರಗಳ ನಡುವೆಯೇ ಹತ್ತಿರಹತ್ತಿರ 5 ಮಿ.ಮೀ ಅಂತರವಿದೆ.

ಪಂಪ್ ಸತ್ತದ್ದು ಯಾಕೆ

5 ಮಿ.ಮೀ ಓರೆ ಬೆಲ್ಟನ್ನು ತಿನ್ನುತ್ತದೆ, ಬೇರಿಂಗನ್ನು ಇಷ್ಟು ಬೇಗ ಕೊಲ್ಲುವುದಿಲ್ಲ. ನಿಜವಾದ ಕಾರಣ ಪುಲ್ಲಿ ಕಳಚಿದಾಗ ಕಂಡಿತು. 5/8 ಇಂಚಿನ ನಡುತೂತು ಇದ್ದ ಹಳೆಯ ಪುಲ್ಲಿ 3/4 ಇಂಚಿನ ಶಾಫ್ಟಿಗೆ ಕೂರುವುದಿಲ್ಲ. ಕೂರಿಸಲು ಆ ತೂತನ್ನು ಅರದಲ್ಲಿ ಉಜ್ಜಿ ದೊಡ್ಡದು ಮಾಡಿದ್ದರು. ತೂತಿನ ಅಂಚಿನಲ್ಲಿ ಅರದ ಗೀರು ಹಾಗೇ ಇತ್ತು, ಒಂದು ಕಡೆ ಹೆಚ್ಚು ಸವೆದು ತೂತು ಮೊಟ್ಟೆಯಾಕಾರಕ್ಕೆ ತಿರುಗಿತ್ತು. ಕೈಯಲ್ಲಿ ಉಜ್ಜಿದ ತೂತು ದುಂಡಗೆ ಬರುವುದಿಲ್ಲ, ನಡುವಿನಲ್ಲೂ ಉಳಿಯುವುದಿಲ್ಲ. ನಾಲ್ಕು ಬೋಲ್ಟ್ ಬಿಗಿದರೆ ಪುಲ್ಲಿ ತಾನಾಗಿ ನಡುವಿಗೆ ಬರುತ್ತದೆ ಎಂಬುದು ತಪ್ಪು ನಂಬಿಕೆ. ಬೋಲ್ಟ್ ತೂತುಗಳಲ್ಲಿ ಸಡಿಲ ಇದ್ದೇ ಇರುತ್ತದೆ.

ಅರ್ಧ ಮಿಲಿಮೀಟರ್ ತಾನೇ ಎನ್ನಬಹುದು. ಲೆಕ್ಕ ಹಾಕಿ ನೋಡಿ. ಪುಲ್ಲಿ, ಫ್ಯಾನ್ ಸೇರಿ 3 ಕೆ.ಜಿ ತೂಕ ಎಂದುಕೊಂಡರೆ, ಅದು ನಡುವಿನಿಂದ 0.5 ಮಿ.ಮೀ ಸರಿದು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸುಮಾರು 148 ನ್ಯೂಟನ್ ಬಲ, ಅಂದರೆ 15 ಕೆ.ಜಿ ಭಾರ, ಪ್ರತಿ ಸುತ್ತಿಗೂ ದಿಕ್ಕು ಬದಲಿಸುತ್ತಾ ಶಾಫ್ಟನ್ನು ಎಳೆಯುತ್ತದೆ. ವೇಗ 5000ಕ್ಕೆ ಹೋದರೆ 41 ಕೆ.ಜಿ ದಾಟುತ್ತದೆ. ಶಾಫ್ಟ್ ಹೀಗೆ ನಡುಗಿದಾಗ ಸೀಲಿನ ಇಂಗಾಲದ ಮುಖ ತನ್ನ ಜೋಡಿಯ ಮೇಲೆ ಸಮವಾಗಿ ಕೂರಲಾರದು. ಮೊದಲು ಸೀಲ್ ಹೋಗುತ್ತದೆ, ಆಮೇಲೆ ಬೇರಿಂಗ್. ವ್ಯಂಗ್ಯ ನೋಡಿ: ದಪ್ಪ ಶಾಫ್ಟಿನ ಗಟ್ಟಿ ಪಂಪನ್ನು ಹಾಕಿಯೇ ಪಂಪಿನ ಆಯುಸ್ಸು ಕಳೆದಿದ್ದರು.

ಫ್ಯಾನಿನಲ್ಲಿ ಅರದ ಗುರುತಿರಲಿಲ್ಲ. ಹೊರಗೆ ಸಿಗುವ ಫ್ಲೆಕ್ಸ್ ಫ್ಯಾನುಗಳಿಗೆ ಸಾಮಾನ್ಯವಾಗಿ ನಡುತೂತು ದೊಡ್ಡದೇ ಇರುತ್ತದೆ, ಸಣ್ಣ ಶಾಫ್ಟಿಗೆ ಬುಷ್ ಬೇರೆ ಕೊಡುತ್ತಾರೆ. ಇದೂ 3/4 ಇಂಚಿನದು. ಸಣ್ಣ ಶಾಫ್ಟಿನ ಪಂಪಿಗೆ ಹೋಗುವಾಗ ಒಳಗೆ 5/8, ಹೊರಗೆ 3/4 ಇಂಚಿನ ಬುಷ್ ಇಲ್ಲದೆ ಈ ಫ್ಯಾನನ್ನು ಹಾಕಿದರೆ ಅದೇ ಹೊಯ್ದಾಟ ಮತ್ತೆ ಶುರು. ಪುಲ್ಲಿಗೂ ಅದೇ ಬುಷ್ ಸಾಲದೇ ಎಂದರೆ, ಸಾಲದು. ಬುಷ್ ನಡುವಿಗೆ ತರುವುದು ದುಂಡಗಿನ ತೂತನ್ನು ಮಾತ್ರ. ಉಜ್ಜಿದ ಪುಲ್ಲಿಯನ್ನು ಬಿಟ್ಟು, ಗಿಡ್ಡ ಪಂಪಿಗೆ ಹೊಂದುವ ಅದೇ ಆಳದ, ಅದೇ ವ್ಯಾಸದ ಬೇರೆ ಪುಲ್ಲಿ ಹಾಕಲಾಯಿತು. ವ್ಯಾಸ ಬದಲಾದರೆ ಪಂಪಿನ ವೇಗವೂ ಬದಲಾಗುತ್ತದೆ ಎಂಬುದು ನೆನಪಿರಲಿ.

ಉದ್ದ ಪಂಪನ್ನೇ ಹಾಕಿಬಿಟ್ಟರೆ?

ಕ್ಯಾಟಲಾಗ್ ಹೇಳಿದ್ದು ಆ ಪಂಪನ್ನೇ ಆದ್ದರಿಂದ ಈ ಪ್ರಶ್ನೆ ಏಳುವುದು ಸಹಜ. ಈ ಕಾರಿನಲ್ಲಿ ಫ್ಯಾನಿನಿಂದ ರೇಡಿಯೇಟರಿಗೆ ಆಗ ಇದ್ದ ಜಾಗ 21 ಮಿ.ಮೀ. ಉದ್ದ ಪಂಪ್ ಆಗಿದ್ದ ಪಂಪಿಗಿಂತ 28.6 ಮಿ.ಮೀ ಮುಂದಕ್ಕೆ ಬರುತ್ತದೆ. ಎಲೆಗಳು ನೇರವಾಗಿ ರೇಡಿಯೇಟರ್ ಒಳಗೇ. ಎಲೆಕ್ಟ್ರಿಕ್ ಫ್ಯಾನ್ ಹಾಕಿ ಅದನ್ನು ತಪ್ಪಿಸಿದರೂ ಕ್ರ್ಯಾಂಕ್ ಪುಲ್ಲಿ, ಪಂಪ್ ಪುಲ್ಲಿ, ಆಲ್ಟರ್ನೇಟರ್ ಬ್ರಾಕೆಟ್ ಎಲ್ಲ ಉದ್ದ ಪಂಪಿನ ಸೆಟ್ಟಿನವೇ ಬೇಕು, ಆಲ್ಟರ್ನೇಟರ್ ಬಲಕ್ಕೆ ಹೋಗಬೇಕು, ವೈರ್ ಎಳೆಯಬೇಕು. ಆ ಬ್ರಾಕೆಟ್‌ಗಳಿಗೆ ಹೆಡ್ಡಿನ ತುದಿಯಲ್ಲಿ ತೂತು ಬೇಕು. 1969ಕ್ಕೆ ಮುಂಚಿನ ಹೆಡ್ ಇದ್ದರೆ ಅಲ್ಲಿಗೇ ದಾರಿ ಮುಚ್ಚಿತು. ಏರ್ ಕಂಡೀಷನರ್ ಸೇರಿಸುವ ಯೋಚನೆ ಇದ್ದವರು ಇಷ್ಟೆಲ್ಲ ಬದಲಿಸುವುದರಲ್ಲಿ ಅರ್ಥವಿದೆ. ಸೋರುವ ಪಂಪ್ ಬದಲಿಸಲು ಹೊರಟವರಿಗೆ ಇಲ್ಲ.

ಕೊಳ್ಳುವ ಮುನ್ನ ಕೈಯಲ್ಲಿ ಹಿಡಿದು ನೋಡಬೇಕಾದದ್ದು

ಡಬ್ಬಿಯ ಮೇಲಿನ ನಂಬರಿಗಿಂತ ಗಾಜಿನ ಮೇಲಿನ ಅಳತೆ ದೊಡ್ಡದು. ರಿಪೇರಿ ಮಾಡಿ ಮಾರುವ ಪಂಪುಗಳಲ್ಲಿ ಎರಕದ ಸಂಖ್ಯೆ ಹಳೆಯ ಮೈಯದು, ಶಾಫ್ಟ್ ಮತ್ತು ಹಬ್ ಯಾವುದೋ. ಹಬ್ಬನ್ನು ಪ್ರೆಸ್ಸಿನಲ್ಲಿ ಒತ್ತಿ ಕೂರಿಸುವುದರಿಂದ ಒತ್ತಿದವರ ಕೈಮೇಲೆ ಎತ್ತರ ಹೋಗುತ್ತದೆ. ಒಂದೇ ಸಂಖ್ಯೆಯ ಎರಡು ಪಂಪುಗಳ ನಡುವೆ ವ್ಯತ್ಯಾಸ ಬಂದರೆ ಆಶ್ಚರ್ಯವಿಲ್ಲ. ಕೈಯಲ್ಲಿ ನಿಧಾನ ತಿರುಗಿಸಿ. ಹೊಸ ಸೀಲಿನ ಸಮನಾದ ಬಿಗಿ ಸರಿ. ಒಂದು ಕಡೆ ಮಾತ್ರ ಬಿಗಿ, ಅಥವಾ ಲೋಹ ಉಜ್ಜುವ ಸದ್ದು ಬಂದರೆ ಇಂಪೆಲರ್ ಮೈಗೆ ತಾಗುತ್ತಿದೆ ಎಂದರ್ಥ, ವಾಪಸ್ ಕೊಡಿ. ಹಳೆಯ ಪಂಪಿನಲ್ಲಿ ಬ್ರಾಕೆಟ್ ಬೋಲ್ಟ್ ಕೂರುತ್ತಿದ್ದ ತೂತುಗಳೆಲ್ಲ ಹೊಸದರಲ್ಲಿ ಥ್ರೆಡ್ ಸಮೇತ ಇವೆಯೇ? ಎರಕದಲ್ಲಿ ಉಬ್ಬು ಇದ್ದು ತೂತೇ ಕೊರೆಯದ ಪಂಪುಗಳೂ ಬರುತ್ತವೆ. ಹೀಟರ್ ಹೋಸಿನ ಮೂತಿ 3/4 ಇಂಚಿನದೇ ಇರಬೇಕು. ಇನ್‌ಟೇಕ್ ಮ್ಯಾನಿಫೋಲ್ಡ್ ಕಡೆಯದು 5/8, ಎರಡನ್ನೂ ಅದಲುಬದಲು ಮಾಡಿಕೊಳ್ಳಬೇಡಿ. ಬಲಗಾಲಿನ ಮುಖದಲ್ಲಿ ದೊಡ್ಡ ದಾರಿಯ ಪಕ್ಕದಲ್ಲಿರುವ ಸಣ್ಣ ಬೈಪಾಸ್ ತೂತು ತೆರೆದಿರಬೇಕು. ಥರ್ಮೋಸ್ಟ್ಯಾಟ್ ಮುಚ್ಚಿದ್ದಾಗ ನೀರು ಸುತ್ತುವುದು ಅದರ ಮೂಲಕ.

ಅಲ್ಯೂಮಿನಿಯಮ್ಮೋ ಎರಕದ ಕಬ್ಬಿಣವೋ ಎಂಬ ಚರ್ಚೆಯಲ್ಲಿ ಹೆಚ್ಚು ಹುರುಳಿಲ್ಲ. ಕೂಲೆಂಟ್ ಬದಲಿಸುವ ಶಿಸ್ತು ಇಲ್ಲದಿದ್ದರೆ ಕಬ್ಬಿಣದ್ದು ತಡೆದುಕೊಳ್ಳುತ್ತದೆ. ಹೆಚ್ಚು ನೀರು ತಳ್ಳುವ ಪಂಪ್ ಹಾಕಿದರೆ ಎಂಜಿನ್ ತಂಪಾಗುತ್ತದೆ ಎಂಬ ಆಸೆಗೂ, ರೇಡಿಯೇಟರ್ ಕಟ್ಟಿಕೊಂಡಿದ್ದರೆ, ಆಧಾರವಿಲ್ಲ.

ಕೂರಿಸುವುದು

ಬೆಲ್ಟ್ ಬಿಗಿಯಾಗಿರುವಾಗಲೇ ಫ್ಯಾನಿನ ನಾಲ್ಕು ಬೋಲ್ಟುಗಳನ್ನು ಸಡಿಲಿಸಿ. ಬೆಲ್ಟ್ ತೆಗೆದ ಮೇಲೆ ಪುಲ್ಲಿ ಕೈಗೆ ಸಿಗದೆ ತಿರುಗುತ್ತದೆ. ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಅಡಿಯ ಕಾಕ್ ತೆರೆದು ನೀರು ಇಳಿಸಿ, ಬ್ಲಾಕಿನ ಎರಡು ಬದಿಯ ಪ್ಲಗ್ ಸುಲಭಕ್ಕೆ ಬಂದರೆ ಅವನ್ನೂ ಬಿಚ್ಚಿ. ಪಂಪಿನ ನಾಲ್ಕು ಬೋಲ್ಟುಗಳು 3/8 ಇಂಚಿನವು, ಇಂಚಿಗೆ 16 ಎಳೆ. ಕಚ್ಚಿಕೊಂಡಿದ್ದರೆ ಮೊದಲು ಕೂದಲೆಳೆಯಷ್ಟು ಬಿಗಿದು, ಆಮೇಲೆ ಸಡಿಲಿಸಿ. ಕಳೆದುಹೋದ ಬೋಲ್ಟಿನ ಬದಲು ಎಂ10 ತುರುಕಲು ಹೋದವರು ಬ್ಲಾಕಿನ ಎಳೆಯನ್ನೇ ಕಳೆದುಕೊಳ್ಳುತ್ತಾರೆ. ಹಬ್ಬಿನ ಬೋಲ್ಟು 5/16 ಇಂಚು, 24 ಎಳೆಯದು. ಎಂ8 ಎರಡು ಸುತ್ತು ಹೋಗಿ ಮೋಸ ಮಾಡುತ್ತದೆ.

ನೀರಿನ ದಾರಿಗಳಿಗೆ ಬಟ್ಟೆ ತುರುಕಿ, ಬ್ಲಾಕಿನ ಮುಖಗಳನ್ನು ಕೆರೆಯುವ ಚಪ್ಪಟೆ ಬ್ಲೇಡಿನಿಂದ ಸ್ವಚ್ಛ ಮಾಡಿ. ಗ್ರೈಂಡರಿಗೆ ಉಜ್ಜುವ ಚಕ್ರ ಹಾಕಿ ತಿರುಗಿಸಬೇಡಿ, ಆ ಪುಡಿ ನೀರಿನ ಜೊತೆ ಓಡಿ ಹೊಸ ಸೀಲಿನ ಮುಖವನ್ನೇ ಗೀರುತ್ತದೆ. ಸೀಲಂಟ್ ಹಚ್ಚುವ ಮೊದಲು ಒಣ ಗ್ಯಾಸ್ಕೆಟ್ ಇಟ್ಟು ಪಂಪ್, ಪುಲ್ಲಿ ಎರಡನ್ನೂ ಬೋಲ್ಟ್ ಮಾಡಿ ನೇರಪಟ್ಟಿ ಹಿಡಿಯಿರಿ. ಈ ಕಾರಿನಲ್ಲಿ ಕ್ರ್ಯಾಂಕ್, ಪಂಪ್, ಆಲ್ಟರ್ನೇಟರ್ ಮೂರೂ ಗಾಡಿಗಳು ಪಟ್ಟಿಗೆ ತಾಗಿ ನಿಂತವು. ಫ್ಯಾನ್ ಹಾಕಿ ಒಂದು ತಂತಿಯ ತುದಿಯನ್ನು ಪುಲ್ಲಿಯ ಅಂಚಿಗೆ ಹತ್ತಿರ ಹಿಡಿದು ಕೈಯಲ್ಲಿ ತಿರುಗಿಸಿದರೆ ಹೊಯ್ದಾಟ ಕಣ್ಣಿಗೇ ಕಾಣುತ್ತದೆ. ಡಯಲ್ ಗೇಜ್ ಇದ್ದರೆ ಇನ್ನೂ ಒಳ್ಳೆಯದು. ಫ್ಯಾನಿನಿಂದ ರೇಡಿಯೇಟರಿಗೆ ಈಗ 26 ಮಿ.ಮೀ ಸಿಕ್ಕಿತು. 25ರ ಸುತ್ತಮುತ್ತ ಇದ್ದರೆ ನಿಶ್ಚಿಂತೆ; ಎಂಜಿನ್ ಮೌಂಟಿನ ರಬ್ಬರು ಸೋತಿದ್ದರೆ ಬ್ರೇಕ್ ಹಾಕಿದಾಗ ಎಂಜಿನ್ ಮುಂದಕ್ಕೆ ವಾಲುತ್ತದೆ, ಫ್ಲೆಕ್ಸ್ ಫ್ಯಾನಿನ ಎಲೆಗಳೂ ವೇಗಕ್ಕೆ ಆಕಾರ ಬದಲಿಸುತ್ತವೆ.

ಆಮೇಲೆ ಬಿಚ್ಚಿ, ಬಟ್ಟೆಗಳನ್ನು ಎಣಿಸಿ ಹೊರತೆಗೆದು, ಗ್ಯಾಸ್ಕೆಟ್ಟಿನ ಎರಡೂ ಮುಖಕ್ಕೆ ಸೀಲಂಟ್ ತೆಳುವಾಗಿ ಸವರಿ. ಬೈಪಾಸ್ ತೂತಿನ ಸುತ್ತ ಇನ್ನೂ ತೆಳುವಾಗಿರಲಿ, ಹಿಂಡಿ ಬಂದ ಸೀಲಂಟ್ ಅದನ್ನು ಮುಚ್ಚಬಾರದು. ಬೋಲ್ಟಿನ ಎಳೆಗಳಿಗೂ ಸ್ವಲ್ಪ ಹಚ್ಚಿ. ತುಕ್ಕು ತಿಂದ ಹಳೆಯ ಬ್ಲಾಕುಗಳಲ್ಲಿ ಬೋಲ್ಟ್ ತೂತು ನೀರಿನ ಕೋಣೆಗೆ ಬಾಯಿ ತೆರೆದಿರಬಹುದು. ಮೂಲೆಯಿಂದ ಮೂಲೆಗೆ, ಎರಡು ಹಂತದಲ್ಲಿ ಬಿಗಿದು 30 ಅಡಿ-ಪೌಂಡಿಗೆ, ಅಂದರೆ ಸುಮಾರು 41 ನ್ಯೂಟನ್ ಮೀಟರಿಗೆ ನಿಲ್ಲಿಸಿ.

ಬೆಲ್ಟನ್ನು ಅತಿ ಉದ್ದದ ಓಟದ ನಡುವೆ ಹೆಬ್ಬೆರಳಲ್ಲಿ ಒತ್ತಿದರೆ ಸುಮಾರು 12 ಮಿ.ಮೀ ತಗ್ಗುವಷ್ಟು ಬಿಗಿ ಸಾಕು. ಹೆಚ್ಚು ಎಳೆದರೆ ಆ ಭಾರವೆಲ್ಲ ಹೊಸ ಬೇರಿಂಗಿಗೇ. ಕೂಲೆಂಟ್ ಮತ್ತು ನೀರು ಸಮಪಾಲು, ಪೂರ್ತಿ ಖಾಲಿಯಾಗಿದ್ದರೆ ಒಟ್ಟು 15 ಲೀಟರ್ ಆಸುಪಾಸು ಹಿಡಿಯುತ್ತದೆ. ಹೀಟರ್ ಪೂರ್ತಿ ತೆರೆದು, ರೇಡಿಯೇಟರ್ ಮುಚ್ಚಳ ತೆಗೆದಿಟ್ಟು ತಣ್ಣಗಿನಿಂದಲೇ ಎಂಜಿನ್ ಓಡಿಸಿ. ಥರ್ಮೋಸ್ಟ್ಯಾಟ್ ತೆರೆದಾಗ ಮಟ್ಟ ಇಳಿಯುತ್ತದೆ, ತುಂಬಿ ಮುಚ್ಚಿ. ಥರ್ಮೋಸ್ಟ್ಯಾಟಿನ ತಟ್ಟೆಯಲ್ಲಿ 3 ಮಿ.ಮೀ ತೂತು ಕೊರೆದಿದ್ದರೆ ಸಿಕ್ಕಿಕೊಂಡ ಗಾಳಿ ಬೇಗ ಹೊರಬರುತ್ತದೆ.

ಮೊದಲ ಓಟದಲ್ಲಿ ಪಂಪಿನಡಿಯ ತೂತಿನಿಂದ ಎರಡು ಮೂರು ಹನಿ ಬಂದರೆ ಗಾಬರಿ ಬೇಡ, ಸೀಲಿನ ಮುಖಗಳು ಹೊಂದಿಕೊಳ್ಳುತ್ತಿರುತ್ತವೆ. ಎಂಜಿನ್ ಪೂರ್ತಿ ಕಾದು ಆರಿದ ಮೇಲೂ ಹನಿ ನಿಲ್ಲದಿದ್ದರೆ ಅದು ದೋಷವುಳ್ಳ ಪಂಪ್. ಹೊಸ ಬೆಲ್ಟ್ ಹಾಕಿದ್ದರೆ ಮೊದಲ ಓಟದ ನಂತರ ಒಮ್ಮೆ ಮತ್ತೆ ಬಿಗಿ ನೋಡಬೇಕು. ಈ ಕಾರಿಗೆ ಹಾಕಿದ ಪಂಪಿನ ಎತ್ತರ, ಶಾಫ್ಟ್ ಅಳತೆ, ಫ್ಯಾನಿಗೆ ಬುಷ್ ಹಾಕಿರುವ ವಿಷಯ ಮೂರನ್ನೂ ಬರೆದ ಚೀಟಿಯನ್ನು ಫ್ಯಾನ್ ಶ್ರೌಡಿನ ಮೇಲೆ ಅಂಟಿಸಲಾಗಿದೆ. ಮುಂದಿನ ಸಲ ಪಂಪ್ ತರಲು ಹೋಗುವವರು ಬ್ಲಾಕ್ ನಂಬರ್ ಬರೆದುಕೊಂಡು ಹೋಗದಿರಲಿ ಎಂದು.